ನೋವಿಲ್ಲದ ಕಾಲಿನ ಹುಣ್ಣಿಗೂ ಆಸ್ಪತ್ರೆಗೆ ಹೋಗಬೇಕೇ?

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ, 12 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಈಗಲೂ ಗದ್ದೆ ಕೆಲಸಕ್ಕೆ ಹೋಗುತ್ತಾರೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಮೂರು ವಾರಗಳಿಂದ ಹುಣ್ಣಿದ್ದು, ಅರಿಶಿನ ಹಚ್ಚುತ್ತಿದ್ದೇವೆ. ‘ನೋವೇ ಇಲ್ಲ, ತಾನಾಗಿ ಮಾಯುತ್ತದೆ’ ಎನ್ನುತ್ತಾರೆ. ಆಸ್ಪತ್ರೆಗೆ ತೋರಿಸಬೇಕೇ?
– ಮಂಡ್ಯ ತಾಲ್ಲೂಕಿನ ಓದುಗರು

ಉತ್ತರ: ನಾಳೆಯೇ ಕರೆದುಕೊಂಡು ಹೋಗಿ. ನೋವಿಲ್ಲದಿರುವುದು ಇಲ್ಲಿ ಸಮಾಧಾನಪಡುವ ವಿಷಯವಲ್ಲ. ವರ್ಷಗಟ್ಟಲೆ ಹೆಚ್ಚಿದ ಸಕ್ಕರೆಯಿಂದ ಪಾದದ ನರಗಳು ಸೊರಗಿದಾಗ ಮುಳ್ಳು ಚುಚ್ಚಿದ್ದಾಗಲಿ, ಬಿಸಿ ತಾಗಿದ್ದಾಗಲಿ ತಿಳಿಯುವುದಿಲ್ಲ. ರೈತರೊಬ್ಬರ ಅಂಗಾಲಿನ ಹುಣ್ಣಿಗೆ ಕಾರಣ ಹುಡುಕುತ್ತ ಅವರ ಚಪ್ಪಲಿಯೊಳಗೆ ಕೈಯಾಡಿಸಿದಾಗ, ಅಟ್ಟೆಯನ್ನು ತೂರಿ ಮೇಲೆದ್ದಿದ್ದ ಮೊಳೆಯ ತುದಿ ನನ್ನ ಬೆರಳಿಗೆ ಚುಚ್ಚಿತು. ಅದೇ ಚಪ್ಪಲಿಯನ್ನು ಮೆಟ್ಟಿಕೊಂಡು ಅವರು ಊರಿನಿಂದ ಬಸ್ಸಿನವರೆಗೆ ನಡೆದು ಬಂದಿದ್ದರು.

ಹುಣ್ಣು ಮಾಯದಿರಲು ಮುಖ್ಯ ಕಾರಣವೂ ಇದೇ. ಕಾಲು ನೋಯುವವರು ಕುಂಟುತ್ತಾರೆ, ಆ ಕುಂಟುವಿಕೆಯೇ ಗಾಯಕ್ಕೆ ವಿಶ್ರಾಂತಿ ಕೊಡುತ್ತದೆ; ನೋವಿಲ್ಲದವರು ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನೆಲ್ಲ ಹುಣ್ಣಿನ ಮೇಲೆಯೇ ಹಾಕುವುದರಿಂದ, ಎಷ್ಟೇ ಒಳ್ಳೆಯ ಡ್ರೆಸ್ಸಿಂಗ್ ಮಾಡಿದರೂ ಹೊಸ ಚರ್ಮ ಕೂಡಿಕೊಳ್ಳುವ ಮೊದಲೇ ನಜ್ಜುಗುಜ್ಜಾಗುತ್ತದೆ. ಆದ್ದರಿಂದ ಆ ಜಾಗಕ್ಕೆ ಭಾರ ಬೀಳದಂತೆ ವಿಶೇಷ ಪಟ್ಟಿ ಅಥವಾ ಪಾದರಕ್ಷೆ ಹಾಕಿಸುವುದು ಔಷಧದಷ್ಟೇ ಮುಖ್ಯವಾದ ಚಿಕಿತ್ಸೆ. ಹುಣ್ಣು ಮಾಯುವವರೆಗೆ ಗದ್ದೆಯ ಕೆಸರಿಗೆ ಇಳಿಯುವುದು ಬೇಡ. ಅರಿಶಿನವನ್ನು ನಿಲ್ಲಿಸಿ; ಅದರ ಪುಡಿ ಗಾಯದ ತಳವನ್ನೇ ಮುಚ್ಚಿಬಿಡುತ್ತದೆ. ಬಿಸಿನೀರಿನಲ್ಲಿ ಕಾಲು ನೆನೆಸುವುದು, ಸುತ್ತಲಿನ ಜಡ್ಡನ್ನು ಬ್ಲೇಡಿನಿಂದ ಕೆರೆಯುವುದು ಎರಡೂ ಅಪಾಯ.

ಹುಣ್ಣಿನ ಸುತ್ತ ಕೆಂಪು ಹರಡುವುದು, ಪಾದ ಊದಿ ಬಿಸಿಯಾಗುವುದು, ಕೀವು, ದುರ್ವಾಸನೆ, ಬೆರಳು ಕಪ್ಪಾಗುವುದು ಅಥವಾ ಚಳಿಜ್ವರ ಕಂಡರೆ ನಾಳೆಯವರೆಗೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸೋಂಕು ಆಳಕ್ಕಿಳಿದಿದ್ದರೂ ಜ್ವರ ಬಾರದಿರಬಹುದು ಎಂಬುದು ನೆನಪಿರಲಿ.

ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಾಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ತೋರಿಸಬಹುದು. ಸಾಮಾನ್ಯವಾಗಿ ವೈದ್ಯರು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಸ್ಪರ್ಶಜ್ಞಾನವನ್ನು ಪರೀಕ್ಷಿಸುತ್ತಾರೆ, ಪಾದದ ನಾಡಿಯನ್ನು ಮುಟ್ಟಿ ನೋಡುತ್ತಾರೆ, ಮೂಳೆಗೆ ಸೋಂಕು ತಗುಲಿದೆಯೇ ಎಂದು ತಿಳಿಯಲು ಎಕ್ಸ್‌ರೇ ತೆಗೆಸುತ್ತಾರೆ. ನಾಡಿ ಸಿಗದಿದ್ದರೆ ಕಾಲಿನ ರಕ್ತ ಸಂಚಾರವನ್ನು ನೋಡುವ ಡಾಪ್ಲರ್ ಪರೀಕ್ಷೆ ಬೇಕಾಗುತ್ತದೆ. ರಕ್ತ ಹರಿಯದ ಕಾಲಿನಲ್ಲಿ ಹುಣ್ಣು ಮಾಯುವುದು ಬಹಳ ಕಷ್ಟ. ಕಣಕಾಲಿನ ಒಳಬದಿಯ ಮೇಲ್ಭಾಗದಲ್ಲಿ, ಉಬ್ಬಿದ ರಕ್ತನಾಳಗಳ ಜೊತೆ ಆಗುವ ಹುಣ್ಣಿನ ಬಗೆ ಬೇರೆ. ಅದಕ್ಕೆ ಬಿಗಿಪಟ್ಟಿ ಕಟ್ಟುವುದುಂಟು, ಆದರೆ ರಕ್ತ ಸಂಚಾರವನ್ನು ಪರೀಕ್ಷಿಸದೆ ಮನೆಯಲ್ಲಿ ಎಂದೂ ಕಟ್ಟಬಾರದು.

ಹೊರಡುವಾಗ ಅವರು ನುಂಗುವ ಮಾತ್ರೆಗಳನ್ನು, ಸಕ್ಕರೆಯ ಹಳೆಯ ವರದಿಗಳನ್ನು, ದಿನವೂ ಮೆಟ್ಟುವ ಚಪ್ಪಲಿಯನ್ನು ಜೊತೆಗೆ ಒಯ್ಯಿರಿ. ಎಡಗಾಲನ್ನೂ, ಬೆರಳ ಸಂದುಗಳನ್ನೂ ನೋಡಿರೆಂದು ವೈದ್ಯರನ್ನು ನೀವೇ ಕೇಳಿಕೊಳ್ಳಿ.