ಸುರಿದ ರಕ್ತ, ಉಳಿಸಿದ ರಕ್ತ

ಎರಡನೇ ಮಹಾಯುದ್ಧ ಮುಗಿದ ಮೇಲಿನ ಜಪಾನಿನಲ್ಲಿ ಸಂಶೋಧನೆಗೆ ದುಡ್ಡಿರಲಿಲ್ಲ. ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ರಕ್ತವನ್ನೇ ವಿಷಯವಾಗಿ ಆರಿಸಿಕೊಳ್ಳಲು ಒಂದು ಬಡತನದ ಕಾರಣವೂ ಇತ್ತು: ಪ್ರಯೋಗಕ್ಕೆ ರಕ್ತ ಸಾಲದಿದ್ದರೆ ತಮ್ಮದೇ ತೆಗೆದುಕೊಳ್ಳಬಹುದಲ್ಲ! ಮಗುವನ್ನು ನೋಡಿಕೊಳ್ಳುವವರಿಲ್ಲದೆ ಉತಾಕೊ ಮಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. 1962ರಲ್ಲಿ ಅವರು ಪ್ರಕಟಿಸಿದ ಔಷಧವೇ ಟ್ರಾನೆಕ್ಸಾಮಿಕ್ ಆಮ್ಲ. ದೊಡ್ಡ ಆಪರೇಷನ್‌ಗಳಲ್ಲಿ ದಾನಿಗಳ ರಕ್ತದ ಅಗತ್ಯವನ್ನು ತಗ್ಗಿಸುವ ಉಪಾಯಗಳಲ್ಲಿ ಇಷ್ಟು ಅಗ್ಗವಾದದ್ದು ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಗಾಯವಾದಾಗ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆದು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪನ್ನು ಕರಗಿಸುವ ಏರ್ಪಾಡನ್ನೂ ದೇಹವೇ ಇಟ್ಟುಕೊಂಡಿದೆ. ಪ್ಲಾಸ್ಮಿನೋಜೆನ್ ಎಂಬ ಇನ್ನೊಂದು ಪ್ರೋಟೀನು ಎಳೆಗಳ ಮೇಲಿನ ಲೈಸಿನ್ ಎಂಬ ಅಮೈನೋ ಆಮ್ಲದ ತಾಣಗಳಿಗೆ ಅಂಟಿಕೊಂಡು, ಪ್ಲಾಸ್ಮಿನ್ ಆಗಿ ಬದಲಾಗಿ, ಅವನ್ನು ಕತ್ತರಿಸುತ್ತದೆ. ದೊಡ್ಡ ಆಪರೇಷನ್‌ನಲ್ಲಿ ಈ ಕರಗಿಸುವ ಕೆಲಸ ಜೋರಾಗಿಬಿಡುತ್ತದೆ. ವೈದ್ಯರು ಒಂದು ಕಡೆ ನಿಲ್ಲಿಸಿದ ರಕ್ತ ಇನ್ನೊಂದು ಕಡೆ ಜಿನುಗತೊಡಗುತ್ತದೆ. ಟ್ರಾನೆಕ್ಸಾಮಿಕ್ ಆಮ್ಲದ ರಚನೆ ಲೈಸಿನ್ನನ್ನೇ ಹೋಲುವುದರಿಂದ, ಪ್ಲಾಸ್ಮಿನೋಜೆನ್ ಎಳೆಯನ್ನು ಹಿಡಿಯಬೇಕಾದ ಜಾಗದಲ್ಲಿ ಅದು ಮೊದಲೇ ಹೋಗಿ ಕೂರುತ್ತದೆ. ಬಸ್ಸಿನ ಸೀಟಿಗೆ ಕಿಟಕಿಯಿಂದಲೇ ಟವೆಲ್ ಎಸೆದ ಹಾಗೆ. ಅದು ಹೊಸದಾಗಿ ರಕ್ತ ಹೆಪ್ಪುಗಟ್ಟಿಸುವುದಿಲ್ಲ, ಆದ ಹೆಪ್ಪನ್ನು ಕಾಪಾಡುತ್ತದೆ ಅಷ್ಟೆ.

ಅಪಘಾತದ ಗಾಯಾಳುಗಳಲ್ಲಿ ಇದು ಜೀವ ಉಳಿಸುತ್ತದೆ ಎಂದು 20,000ಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನವೊಂದು 2010ರಲ್ಲಿ ತೋರಿಸಿತು. ಅದನ್ನು ನೋಡಲು ಉತಾಕೊ ಬದುಕಿದ್ದರು. 2016ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು. ಹೃದಯದ್ದಲ್ಲದ ಶಸ್ತ್ರಚಿಕಿತ್ಸೆಗಳ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದದ್ದು 2022ರಲ್ಲಿ. 9,535 ರೋಗಿಗಳು ಅದರಲ್ಲಿದ್ದರು. ಗಂಭೀರ ರಕ್ತಸ್ರಾವ ಹುಸಿ ಔಷಧ ಪಡೆದ ಗುಂಪಿನಲ್ಲಿ ಶೇ. 11.7 ಇದ್ದರೆ ಔಷಧ ಪಡೆದವರಲ್ಲಿ ಶೇ. 9.1. ಆದರೆ ಹೃದಯ ಮತ್ತು ರಕ್ತನಾಳಗಳಿಗೆ ಅದು ಪೂರ್ತಿ ನಿರಪಾಯ ಎಂಬುದನ್ನು ಆ ಪರೀಕ್ಷೆ ತನ್ನದೇ ಅಳತೆಗೋಲಿನಲ್ಲಿ ಸಾಬೀತುಮಾಡಲಾಗಲಿಲ್ಲ. ಹೃದಯದ ಆಪರೇಷನ್‌ನಲ್ಲಿ ಡೋಸ್ ಹೆಚ್ಚಾದರೆ ಫಿಟ್ಸ್ ಬರುವ ಸಾಧ್ಯತೆಯೂ ಉಂಟು.

ರಕ್ತ ಹೋಗದಂತೆ ತಡೆಯುವುದು ಒಂದು. ಯಾವಾಗ ಕೊಡಬೇಕು ಎಂದು ತೀರ್ಮಾನಿಸುವುದು ಇನ್ನೊಂದು. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 10 ಗ್ರಾಮಿಗಿಂತ ಕೆಳಗಿದ್ದರೆ ರಕ್ತ ಏರಿಸು ಎಂಬ ಸೂತ್ರ 1942ರದ್ದು. ಅದರ ಹಿಂದೆ ಗಟ್ಟಿಯಾದ ಪ್ರಯೋಗವೇನೂ ಇರಲಿಲ್ಲ, ಆದರೂ ಅರ್ಧ ಶತಮಾನ ನಡೆಯಿತು. 1999ರಲ್ಲಿ ಕೆನಡಾದ ವೈದ್ಯರು ತೀವ್ರ ನಿಗಾ ಘಟಕದ 838 ರೋಗಿಗಳಲ್ಲಿ ಅದನ್ನು ಒರೆಗೆ ಹಚ್ಚಿದರು. ಒಂದು ಗುಂಪಿಗೆ 10ಕ್ಕಿಂತ ಕೆಳಗಿಳಿದೊಡನೆ ರಕ್ತ, ಇನ್ನೊಂದಕ್ಕೆ 7ಕ್ಕಿಂತ ಇಳಿದ ಮೇಲಷ್ಟೇ. ಹಾಗೆ ಕಾದು ರಕ್ತ ಪಡೆದವರಿಗೆ ಏನೂ ಕೆಡುಕಾಗಲಿಲ್ಲ. ಈಗ ಬಹುತೇಕ ರೋಗಿಗಳಿಗೆ 7 ಅಥವಾ 8ರ ಗೆರೆ. ಅದೂ ಒಂದು ಯೂನಿಟ್ ಕೊಟ್ಟು, ಮತ್ತೆ ಪರೀಕ್ಷಿಸಿ, ಬೇಕಿದ್ದರೆ ಇನ್ನೊಂದು. ‘ಎರಡು ಬಾಟಲಿ ರಕ್ತಕ್ಕೆ ವ್ಯವಸ್ಥೆ ಮಾಡಿಕೊಳ್ಳಿ’ ಎಂಬ ಮಾತು ಕೇಳಿದರೆ ನೆಂಟರಿಷ್ಟರಿಗೆಲ್ಲ ಫೋನು ಮಾಡುವ ನಮ್ಮಲ್ಲಿ ಈ ಲೆಕ್ಕಾಚಾರ ಹೆಚ್ಚು ಜನಕ್ಕೆ ತಿಳಿದಿಲ್ಲ.

ಸುರಿದ ರಕ್ತವನ್ನೇ ಹೀರಿ, ಗಿರಗಿರನೆ ತಿರುಗಿಸಿ, ಕೆಂಪು ಕಣಗಳನ್ನು ತೊಳೆದು ಅದೇ ರೋಗಿಗೆ ಮರಳಿಸುವ ಸೆಲ್ ಸೇವರ್ ಯಂತ್ರವೂ ಇದೆ. ಖರ್ಚಿನ ಬಾಬತ್ತು, ತುಂಬಾ ರಕ್ತ ಹೋಗುವ ಕಡೆ ಮಾತ್ರ ಗಿಟ್ಟುತ್ತದೆ.

ಇಷ್ಟೆಲ್ಲಕ್ಕಿಂತ ಮುಖ್ಯವಾದದ್ದು ಆಪರೇಷನ್ ಟೇಬಲ್ಲಿಗೆ ಬರುವ ಮೊದಲಿನ ಸ್ಥಿತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಭಾರತದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಅಂಥವರಿಗೆ ಕೊಂಚ ರಕ್ತ ಹೋದರೂ ಗೆರೆ ದಾಟಿಬಿಡುತ್ತದೆ. ಆಪರೇಷನ್‌ಗೆ ಮುಂಚೆ ಒಂದು ಡ್ರಿಪ್ ಕಬ್ಬಿಣಾಂಶ ಏರಿಸಿದರಾಯಿತು ಎಂದುಕೊಂಡರೆ ಅದೂ ಸುಲಭವಲ್ಲ: ಹೊಟ್ಟೆಯ ದೊಡ್ಡ ಆಪರೇಷನ್‌ಗಳಿಗೆ ಸಂಬಂಧಿಸಿದ, 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕೆಲವು ದಿನ ಅಥವಾ ವಾರಗಳ ಮೊದಲು ಹಾಗೆ ಕೊಟ್ಟದ್ದರಿಂದ ರಕ್ತದ ಬೇಡಿಕೆ ಇಳಿಯಲಿಲ್ಲ. ಹಿಮೋಗ್ಲೋಬಿನ್ ಏರಿದ್ದು ನಿಜ, ಆದರೆ ಆಪರೇಷನ್ ಹೊತ್ತಿಗೆ ಏರಿದ್ದು ಕೊಂಚವೇ, ಹೆಚ್ಚಾಗಿ ಏರಿದ್ದು ಅದು ಮುಗಿದು ವಾರಗಳಾದ ಮೇಲೆ.