ವಿದೇಶದ ಪಾರ್ಸೆಲ್ ಗೋಣಿಕೊಪ್ಪಕ್ಕೆ ಬರುವಷ್ಟರಲ್ಲಿ ಬಿಲ್ ಯಾಕೆ ಬೆಳೆಯುತ್ತದೆ?

ಕೊಡಗಿನ ಗೋಣಿಕೊಪ್ಪದಲ್ಲಿ ಒಬ್ಬರು ತೋಟದ ಕಾಫಿಯನ್ನು ಮನೆಯಲ್ಲೇ ಹುರಿದು ಪುಡಿ ಮಾಡಲು ವಿದೇಶದಿಂದ ಕೈ ಗ್ರೈಂಡರ್ ತರಿಸುತ್ತಾರೆ ಅಂತ ಇಟ್ಟುಕೊಳ್ಳಿ. ಗ್ರೈಂಡರ್‌ಗೆ 8,000 ರೂಪಾಯಿ, ಸಾಗಣೆಗೆ 2,000. ದುಡ್ಡು ಕಟ್ಟಿ ಆಯ್ತು. ಆಮೇಲೆ ಕೊರಿಯರ್‌ನಿಂದ ಮೆಸೇಜ್: ಡ್ಯೂಟಿ, ಅಂದರೆ ಆಮದು ಸುಂಕ, ಕಟ್ಟಿದರೆ ಮಾತ್ರ ಪಾರ್ಸೆಲ್ ಮುಂದೆ ಹೋಗುತ್ತದೆ.

ಸುಂಕ ಬೀಳುವುದು 8,000ದ ಮೇಲಲ್ಲ, ಸಾಗಣೆ ಸೇರಿದ 10,000ದ ಮೇಲೆ. ದರ ಬೇರೆ ಬೇರೆ ಇರಬಹುದು, ಲೆಕ್ಕ ಅರ್ಥವಾಗಲಿ ಅಂತ ಮೂಲ ಸುಂಕ ಶೇ. 10 ಹಿಡಿಯೋಣ: 1,000. ಆ ಸಾವಿರದ ಮೇಲೆ ಶೇ. 10 ಸರ್ಚಾರ್ಜ್ ಬಿದ್ದರೆ 100. ಈಗ 11,100 ಆಯ್ತಲ್ವಾ, ಅಷ್ಟರ ಮೇಲೂ ಶೇ. 18 ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ), 1,998. ಒಟ್ಟು 3,098. ತೆರಿಗೆಯ ಮೇಲೆ ತೆರಿಗೆ. ಕೊರಿಯರ್‌ನವರ ಶುಲ್ಕ ಬೇರೆ, ಅದಕ್ಕೂ ಜಿಎಸ್‌ಟಿ.

ಇದರ ಹಿಂದೆ ಹಳೆಯ ಕಥೆ ಇದೆ. ಸ್ವಾತಂತ್ರ್ಯದ ನಂತರ ದೇಶದಲ್ಲಿ ಡಾಲರ್‌ಗೇ ಬರ. ಹೊರಗಿನ ಸಾಮಾನು ಅಂದರೆ ಲೈಸೆನ್ಸ್, ಇಲ್ಲವೇ ಫಾರಿನ್‌ನಿಂದ ಬರುವ ನೆಂಟರ ಸೂಟ್‌ಕೇಸ್. 1991ರ ಜುಲೈ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಗರಿಷ್ಠ ಸುಂಕವನ್ನು ಶೇ. 150ಕ್ಕೆ ಇಳಿಸಿದರು. ಹೌದು, ಇಳಿಸಿದ ಮೇಲೂ 150! ಕೃಷಿಯೇತರ ವಸ್ತುಗಳಿಗೆ ಅದು 2007ರ ಹೊತ್ತಿಗೆ 10ಕ್ಕೆ ಬಂತು. ಆಮೇಲೆ ಕೆಲವು ಮತ್ತೆ ಏರಿದವು, 2018ರಲ್ಲಿ ಮೊಬೈಲ್ ಶೇ. 20 ಆಯಿತು.

ಆದರೆ ಆ ಇಳಿಕೆ ವ್ಯಾಪಾರಕ್ಕೆ ತರಿಸುವವರಿಗೆ. ಸ್ವಂತ ಬಳಕೆಗೆ ತರಿಸುವ ಪಾರ್ಸೆಲ್‌ಗೆ ಸುಂಕದ ಪಟ್ಟಿಯಲ್ಲಿ 9804 ಅಂತ ಬೇರೆಯೇ ಶೀರ್ಷಿಕೆ ಇದೆ. ಅದರ ದರವನ್ನು ಶೇ. 20ರಿಂದ 10ಕ್ಕೆ ಇಳಿಸುವುದಾಗಿ ಸರ್ಕಾರ ಹೇಳಿದ್ದು 2026ರ ಬಜೆಟ್‌ನಲ್ಲಿ. ಸಾಮಾನ್ಯ ಜನರ ಸರದಿ ಬರಲು ಇಷ್ಟು ವರ್ಷ ಬೇಕಿರಲಿಲ್ಲ.

ನಡುವೆ ಒಂದು ಕಿಂಡಿ ಇತ್ತು. ಉಡುಗೊರೆಗೆ ಒಂದು ಮಿತಿಯವರೆಗೆ ಸುಂಕ ಇರಲಿಲ್ಲ. ಚೀನಾದ ಆ್ಯಪ್‌ಗಳಲ್ಲಿ ಕೊಂಡ ಬಟ್ಟೆಬರೆ, ಚಪ್ಪಲಿ ಎಲ್ಲ ಉಡುಗೊರೆ ಹೆಸರಲ್ಲೇ ಬರತೊಡಗಿದವು. ಸುಂಕ ತಪ್ಪುತ್ತಿದೆ ಅಂತ ಇಲ್ಲಿನ ವ್ಯಾಪಾರಿಗಳು ಗಲಾಟೆ ಮಾಡಿದರು. 2019ರ ಡಿಸೆಂಬರ್‌ನಲ್ಲಿ ಕಿಂಡಿ ಮುಚ್ಚಿತು. ಜೀವ ಉಳಿಸುವ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು. ಅಮೆರಿಕದಲ್ಲೂ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಅದಕ್ಕೆ ಕೆಲವು ದಿನ ಮೊದಲೇ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಬಹುತೇಕ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು, ಮತ್ತೆ ಶುರುವಾಗಲು ಕೆಲವು ವಾರ ಬೇಕಾಯಿತು. ಮಡಿಕೇರಿಯಿಂದ ಮಕ್ಕಳಿಗೆ ಕಾಫಿಪುಡಿ, ಜೇನು ಕಳಿಸುವ ಮನೆಗಳಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಂತ ಸುಂಕವೇ ಬೇಡ ಅಂತ ಕೊಡಗಿನಲ್ಲಿ ಕೂತು ಹೇಳಲು ನನಗೆ ಮನಸ್ಸಿಲ್ಲ. ಹೊರಗಿನ ಕಾಫಿಗೆ ಸಾಮಾನ್ಯವಾಗಿ ಶೇ. 100 ಸುಂಕ ಇರುವುದರಿಂದ ನಮ್ಮ ಬೆಳೆಗಾರರು ಸ್ವಲ್ಪ ಉಸಿರಾಡುತ್ತಾರೆ. ಕಾಳುಮೆಣಸು ಶ್ರೀಲಂಕಾ ದಾರಿಯಲ್ಲಿ ಅಗ್ಗಕ್ಕೆ ಬಂದಾಗ ಇಲ್ಲಿನ ಬೆಲೆ ಬಿತ್ತು. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದ್ದು ಅದಕ್ಕೇ.

ನನ್ನ ತಕರಾರು ಬೇರೆ. ಸುಂಕ ಎಷ್ಟು, ಕೊರಿಯರ್‌ನವರ ಪಾಲು ಎಷ್ಟು ಅಂತ ದುಡ್ಡು ಕಟ್ಟುವ ಮೊದಲೇ ಬಿಡಿಸಿ ತೋರಿಸಬೇಕು. ತೋರಿಸದಿದ್ದರೆ ಸುಮ್ನೆ ಕಟ್ಟಬೇಡಿ, ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ದಾಖಲೆ) ಪ್ರತಿ ಕೇಳಿ. ಎಷ್ಟು ಬೆಲೆ ಹಿಡಿದರು, ಯಾವ ಶೀರ್ಷಿಕೆ, ಎಷ್ಟು ತೆರಿಗೆ ಅಂತ ಅದರಲ್ಲಿ ಇರುತ್ತದೆ. ಅದಕ್ಕಿಂತ ಜಾಸ್ತಿ ಕೇಳಿದ್ದೆಲ್ಲ ಕೊರಿಯರ್‌ನವರ ಶುಲ್ಕ. ಅದು ಯಾಕೆ ಅಂತ ಅವರೇ ಹೇಳಲಿ.