ಬೆರೆಸಿದ ಕೋಡು, ಕೈದಾಟಿದ ಪ್ರತಿ

ತಂತ್ರಾಂಶ ಪರವಾನಗಿಗಳ ಬಗ್ಗೆ ಸಲಹೆ ಕೇಳಲು ನನ್ನ ಬಳಿಗೆ ಬರುವವರ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಜಿಪಿಎಲ್ ಕೋಡನ್ನು ನಮ್ಮ ಪ್ರೋಗ್ರಾಮಿನಲ್ಲಿ ಬಳಸಬಹುದೇ? ಜಿಪಿಎಲ್ ಎಂದರೆ, ಕೋಡನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದು, ಆದರೆ ಹಂಚುವಾಗ ಅದೇ ಪರವಾನಗಿಯಡಿ ಅದರ ಸೋರ್ಸ್ ಕೋಡನ್ನೂ (ಪ್ರೋಗ್ರಾಮರುಗಳು ಬರೆದ ಮೂಲರೂಪ) ಕೊಡಬೇಕು ಎನ್ನುವ ಮುಕ್ತ ಪರವಾನಗಿ. ಬಳಸಬಹುದು, ಹಣಕ್ಕೆ ಮಾರಲೂಬಹುದು. ಆದರೆ ಮುಂದೇನು ಎಂಬುದನ್ನು ನಿರ್ಧರಿಸಲು ನಾನು ಎರಡು ಸಂಗತಿಗಳನ್ನು ತಿಳಿಯಬೇಕಾಗುತ್ತದೆ. ಆ ಕೋಡು ನಿಮ್ಮ ಕೋಡಿನೊಂದಿಗೆ ಯಾವ ಬಗೆಯಲ್ಲಿ ಬೆರೆತಿದೆ, ಮತ್ತು ಬೆರೆತ ಪ್ರೋಗ್ರಾಮಿನ ಪ್ರತಿ ನಿಮ್ಮ ಸಂಸ್ಥೆಯನ್ನು ದಾಟಿ ಯಾರ ಕೈ ಸೇರುತ್ತದೆ.

ಎರಡನೆಯದರಿಂದಲೇ ಆರಂಭಿಸುತ್ತೇನೆ. ಜಿಪಿಎಲ್‌ನ ಮುಖ್ಯ ಹೊಣೆಗಳು ಹುಟ್ಟುವುದು ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟಾಗ. ಸಂಸ್ಥೆಯ ಒಳಗಿನ ಕೆಲಸಕ್ಕಾಗಿ ಕೋಡನ್ನು ಎಷ್ಟು ತಿದ್ದಿದರೂ ಸೋರ್ಸ್ ಕೋಡನ್ನು ಹೊರಗೆ ಕೊಡಬೇಕಾಗಿಲ್ಲ. ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮನ್ನು ಜನ ಬ್ರೌಸರ್ ಮೂಲಕ ಬಳಸಿದರೂ ಅಷ್ಟೇ, ಏಕೆಂದರೆ ಪ್ರತಿ ಅವರ ಕೈ ಸೇರುವುದಿಲ್ಲ. ಈ ಕಿಂಡಿಯನ್ನು ಮುಚ್ಚಲೆಂದೇ 2007ರಲ್ಲಿ ಜಿಪಿಎಲ್‌ನ ಸೋದರ ಪರವಾನಗಿಯಾದ ಎಜಿಪಿಎಲ್‌ನ ಮೂರನೇ ಆವೃತ್ತಿ ಬಂತು. ಅದರಡಿಯ ಪ್ರೋಗ್ರಾಮನ್ನು ತಿದ್ದಿ ಜಾಲದ ಮೂಲಕ ಬಳಕೆಗೆ ಒಡ್ಡಿದರೆ ಬಳಕೆದಾರರಿಗೆ ಸೋರ್ಸ್ ಕೋಡ್ ಪಡೆಯುವ ದಾರಿ ತೋರಿಸಲೇಬೇಕು.

ಬೆರೆಯುವ ಬಗೆಯ ವಿಚಾರ ಇಷ್ಟು ಸರಳವಲ್ಲ. ಕೋಡನ್ನು ನಕಲು ಮಾಡಿ ಅಂಟಿಸಿದರೆ ಅಥವಾ ಸ್ಟ್ಯಾಟಿಕ್ ಲಿಂಕ್ ಮಾಡಿದರೆ, ಅಂದರೆ ಪ್ರೋಗ್ರಾಮಿನ ಫೈಲಿನೊಳಗೇ ಸೇರಿಸಿ ಕಟ್ಟಿದರೆ, ಇಡೀ ಪ್ರೋಗ್ರಾಮು ಜಿಪಿಎಲ್‌ನಡಿ ಹೋಗಬೇಕೆಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ. ಪ್ರೋಗ್ರಾಮು ಓಡುವಾಗ ಮಾತ್ರ ಕೋಡನ್ನು ಜೋಡಿಸುವ ಡೈನಮಿಕ್ ಲಿಂಕಿಂಗ್‌ಗೂ ಅದೇ ನಿಯಮ ಎಂಬುದು ಪರವಾನಗಿಯನ್ನು ರೂಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಲುವು. ಆದರೆ ಜಿಪಿಎಲ್‌ನ 1991ರ ಎರಡನೇ ಆವೃತ್ತಿಯ ಷರತ್ತುಗಳಲ್ಲಿ ಆ ಪದವೇ ಇಲ್ಲ, ಅಲ್ಲಿರುವುದು ಹಕ್ಕುಸ್ವಾಮ್ಯ ಕಾನೂನಿನ ‘ವ್ಯುತ್ಪನ್ನ ಕೃತಿ’ (ಇನ್ನೊಂದು ಕೃತಿಯನ್ನು ಆಧರಿಸಿ ರಚಿಸಿದ್ದು) ಎಂಬ ಕಲ್ಪನೆ ಮಾತ್ರ. ಪೈಪ್, ಸಾಕೆಟ್ ಅಥವಾ ಕಮ್ಯಾಂಡ್ ಲೈನ್‌ನಂಥ ಹೊರಗಿನ ಸಂಪರ್ಕದ ಮೂಲಕ ಮಾತಾಡುವ ಎರಡು ಪ್ರೋಗ್ರಾಮುಗಳನ್ನು ಫೌಂಡೇಶನ್ ಕೂಡ ಸಾಮಾನ್ಯವಾಗಿ ಬೇರೆ ಬೇರೆ ಎಂದೇ ಎಣಿಸುತ್ತದೆ. ಪರವಾನಗಿಯನ್ನು ತಪ್ಪಿಸಿಕೊಳ್ಳಲೆಂದೇ ನಡುವೆ ತೆಳುವಾದೊಂದು ಪದರ ಹೊಲಿಯುವವರಿಗೆ ನಾನು ಬೆಂಬಲ ಕೊಡುವುದಿಲ್ಲ. ಎರಡೂ ಪ್ರೋಗ್ರಾಮುಗಳು ತಮ್ಮ ಒಳಗಿನ ದತ್ತಾಂಶ ರಚನೆಗಳನ್ನೆಲ್ಲ ಹಂಚಿಕೊಂಡಿದ್ದರೆ ನಡುವೆ ಪೈಪ್ ಇದೆಯೆಂಬ ಒಂದೇ ಕಾರಣಕ್ಕೆ ಅವು ಬೇರೆಯಾಗುವುದಿಲ್ಲ.

ಜಿಪಿಎಲ್‌ನ ಸಡಿಲ ರೂಪವಾದ ಎಲ್‌ಜಿಪಿಎಲ್ ಪರವಾನಗಿಯ ಲೈಬ್ರರಿಗಳಲ್ಲಿ (ಬೇರೆ ಪ್ರೋಗ್ರಾಮುಗಳು ಬಳಸಲೆಂದು ಬರೆದ ಕೋಡಿನ ಕಟ್ಟುಗಳಲ್ಲಿ) ಇಷ್ಟು ಬಿಗಿಯಿಲ್ಲ, ನಿಮ್ಮ ಕೋಡನ್ನು ಮುಚ್ಚಿಟ್ಟುಕೊಳ್ಳಬಹುದು. ಆದರೆ ಸ್ಟ್ಯಾಟಿಕ್ ಲಿಂಕ್ ಮಾಡಿದ್ದರೆ, ಬಳಕೆದಾರರು ತಿದ್ದಿದ ಲೈಬ್ರರಿಯೊಂದಿಗೆ ಮರಳಿ ಲಿಂಕ್ ಮಾಡಿಕೊಳ್ಳಲು ಬೇಕಾದ ಆಬ್ಜೆಕ್ಟ್ ಫೈಲುಗಳನ್ನಾದರೂ (ನಿಮ್ಮ ಕೋಡನ್ನು ಯಂತ್ರ ಓದುವ ರೂಪಕ್ಕೆ ತಿರುಗಿಸಿದ ಫೈಲುಗಳು) ಕೊಡಬೇಕೆಂಬುದನ್ನು ಹೆಚ್ಚಿನವರು ಓದಿಯೇ ಇರುವುದಿಲ್ಲ.

ಎರಡೂ ಕಡೆ ಮುಕ್ತ ಕೋಡೇ ಇದ್ದರೆ ತೊಡಕಿಲ್ಲ ಎಂಬ ನಂಬಿಕೆ ಇನ್ನೊಂದು. ಷರತ್ತುಗಳು ತೀರ ಕಡಿಮೆಯಿರುವ ಎಂಐಟಿ ಪರವಾನಗಿಯ ಕೋಡು ಜಿಪಿಎಲ್ ಯೋಜನೆಯೊಳಗೆ ಸಲೀಸಾಗಿ ಸೇರುತ್ತದೆ. ಜಿಪಿಎಲ್ ಕೋಡು ಸೇರಿದ ಪ್ರೋಗ್ರಾಮನ್ನು ಮಾತ್ರ ಎಂಐಟಿ ಎಂದು ಹೇಳಿ ಹಂಚುವಂತಿಲ್ಲ. ಅಪಾಚೆ 2.0 ಎಂಬ ಇನ್ನೊಂದು ಮುಕ್ತ ಪರವಾನಗಿಯಲ್ಲಿ ಪೇಟೆಂಟಿಗೆ ಸಂಬಂಧಿಸಿದ ಷರತ್ತುಗಳಿರುವುದರಿಂದ ಅದು ಜಿಪಿಎಲ್‌ನ ಮೂರನೇ ಆವೃತ್ತಿಯೊಂದಿಗೆ ಹೊಂದುತ್ತದೆ, ಎರಡನೆಯದರೊಂದಿಗೆ ಹೊಂದುವುದಿಲ್ಲ ಎಂಬುದು ಫೌಂಡೇಶನ್ನಿನ ಅಭಿಪ್ರಾಯ. ಜಿಪಿಎಲ್‌ನ ಎರಡನೇ ಮತ್ತು ಮೂರನೇ ಆವೃತ್ತಿಗಳೇ ಒಂದಕ್ಕೊಂದು ಹೊಂದುವುದಿಲ್ಲ! ಒಮ್ಮೆ ಒಂದು ತಂಡ ಅಪಾಚೆ ಲೈಬ್ರರಿಯೊಂದನ್ನು ಎರಡನೇ ಆವೃತ್ತಿಯ ಕೋಡಿನೊಂದಿಗೆ ಸೇರಿಸಿ, ಬಿಡುಗಡೆಗೆ ಕೆಲವೇ ದಿನ ಉಳಿದಿರುವಾಗ ನನ್ನ ಬಳಿ ಬಂದಿತ್ತು. ಪ್ರತಿ ಫೈಲಿನ ತಲೆಬರಹವನ್ನೂ ತೆರೆದು ಓದಿದೆವು. ಎಲ್ಲದರಲ್ಲೂ ‘ಅಥವಾ ನಂತರದ ಯಾವುದೇ ಆವೃತ್ತಿ’ ಎಂಬ ಮಾತು ಇದ್ದುದರಿಂದ ಒಟ್ಟು ಪ್ರೋಗ್ರಾಮನ್ನು ಮೂರನೇ ಆವೃತ್ತಿಯಡಿ ಹೊರತರಲು ಸಾಧ್ಯವಾಯಿತು. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ಲು ಒಟ್ಟಾರೆಯಾಗಿ ಎರಡನೇ ಆವೃತ್ತಿಗೆ ಮಾತ್ರ ಬದ್ಧವಾಗಿರುವುದರಿಂದ ಅಲ್ಲಿಂದ ಕೋಡು ತಂದಿದ್ದರೆ ಈ ದಾರಿ ಇರುತ್ತಿರಲಿಲ್ಲ.

ಇವೆಲ್ಲ ಬರೀ ಸದಾಶಯದ ಮಾತುಗಳೆಂದು ತಿಳಿಯಬಾರದು. ಮಾದರಿ ರೈಲುಗಳನ್ನು ನಿಯಂತ್ರಿಸುವ ತಂತ್ರಾಂಶವೊಂದರ ಮೊಕದ್ದಮೆಯಲ್ಲಿ, ಮುಕ್ತ ಪರವಾನಗಿಯ ಷರತ್ತು ಮುರಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯೇ ಆಗಬಲ್ಲದೆಂದು ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಹೇಳಿತು. ಜಿಪಿಎಲ್‌ನ ಎರಡನೇ ಆವೃತ್ತಿಯಲ್ಲಿ ಉಲ್ಲಂಘನೆಯಾದೊಡನೆ ಹಕ್ಕುಗಳು ತಾವಾಗಿ ರದ್ದಾಗುತ್ತವೆ. ಮೂರನೆಯದು, ಮೊದಲ ಸಲ ತಪ್ಪಿದವರು ನೋಟಿಸ್ ತಲುಪಿದ 30 ದಿನಗಳೊಳಗೆ ಸರಿಪಡಿಸಿದರೆ ಹಕ್ಕುಗಳನ್ನು ಮರಳಿ ಕೊಡುತ್ತದೆ.

ಸೋರ್ಸ್ ಕೋಡ್ ಎಂದರೆ ಬರೀ ಪ್ರೋಗ್ರಾಮಿನ ಸಾಲುಗಳಲ್ಲ, ಅದನ್ನು ಕಂಪೈಲ್ ಮಾಡಿ (ಯಂತ್ರ ಓಡಿಸುವ ರೂಪಕ್ಕೆ ತಿರುಗಿಸಿ) ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟುಗಳೂ ಅದರಲ್ಲಿ ಸೇರಿವೆ. ಹಾಗಾಗಿ ಬಿಡುಗಡೆಗೆ ಮುಂಚೆ ಸೋರ್ಸ್ ಕಡತವನ್ನು ತಂಡಕ್ಕೆ ಸೇರದ ಒಬ್ಬರಿಗೆ ಕೊಟ್ಟು, ಬೇರೆ ಯಂತ್ರದಲ್ಲಿ ಕಂಪೈಲ್ ಮಾಡಿ ನೋಡಲು ಹೇಳುತ್ತೇನೆ. ಹೀಗೆ ಮಾಡಿದಾಗ ಒಂದು ಕಡೆ ಕೆಲಸ ಮೊದಲ ಹಂತದಲ್ಲೇ ನಿಂತಿತು. ಬೇಕಾಗಿದ್ದ ಸ್ಕ್ರಿಪ್ಟು ಕೆಲಸ ಬಿಟ್ಟು ಹೋಗಿದ್ದವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು.